ಕೆಂಪು ಮಡ್ಡಿಯ ಅಂಚಿನ ಝರಿಗಳು



ಬೀದರ ಅಂದಕೂಡಲೇ ಜನ ಮೊದಲು ಕೇಳುವುದು ಕೋಟೆಯ ಸುದ್ದಿ. ಆಮೇಲೆ ಮಹಮೂದ್ ಗಾವಾನನ ಮದರಸಾ, ಬಿದ್ರಿ ಹೂಜಿ, ಸಮಯವಿದ್ದರೆ ಅಷ್ಟೂರಿನ ಗುಂಬಜಗಳು. ಬೀದರಕ್ಕೆ ಬಂದವರನ್ನು ನಮ್ಮ ಆಟೋದವರು ಸುತ್ತಿಸುವುದೂ ಇದೇ ಕ್ರಮದಲ್ಲಿ. ನಾನು ಇವತ್ತು ಬೇರೆ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ಊರ ಸುತ್ತ, ಮಡ್ಡಿ ಮುಗಿದು ಇಳಿಜಾರು ಶುರುವಾಗುವ ಕಡೆಗಳಲ್ಲಿ, ನೀರು ತಾನಾಗಿ ಹೊರಗೆ ಬರುವ ಕೆಲವು ಜಾಗಗಳಿವೆ. ಜನ ಶತಮಾನಗಳಿಂದ ಅಲ್ಲಿ ಮೀಯುತ್ತಾ, ಕುಡಿಯುತ್ತಾ, ಹರಕೆ ಹೊರುತ್ತಾ ಬಂದಿದ್ದಾರೆ. ಮಂಗಲಪೇಟೆಯ ಆಚೆಯ ಝರಣಿ ನರಸಿಂಹ, ಗುರುನಾನಕ್ ಝೀರಾ, ಪಾಪನಾಶ, ಶುಕ್ಲತೀರ್ಥ, ನೌಬಾದಿನ ಸುರಂಗ ಬಾವಿ. ಕೋಟೆಯ ಕಥೆಯೂ ಈ ನೀರಿನಿಂದಲೇ ಶುರುವಾಗುತ್ತದೆ ಎಂಬುದು ನನ್ನ ವಾದ.

ಸ್ನಾನಕ್ಕೆಂದೇ ಜನ ಹುಡುಕಿಕೊಂಡು ಹೋಗುವ ಊರುಗಳು ಲೋಕದಲ್ಲೆಲ್ಲ ಇವೆ. ಯುರೋಪಿನಲ್ಲಿ ಒಂದು ಬುಗ್ಗೆ ಸಿಕ್ಕರೆ ಅದರ ಸುತ್ತ ಕಂಬಸಾಲು, ಹೋಟೆಲು, ವೈದ್ಯಶಾಲೆ ಎದ್ದವು. ಇಂಗ್ಲೆಂಡಿನಲ್ಲಂತೂ ರೋಮನ್ನರು ಕಟ್ಟಿದ ಸ್ನಾನದ ಕೊಳದಿಂದಲೇ ಬಾತ್ ಎಂಬ ಊರಿಗೆ ಹೆಸರು ಬಂತು. ನಮ್ಮ ರಾಜ್ಯದಲ್ಲಿ ಬಿಸಿನೀರಿನ ಬುಗ್ಗೆಯೇ ಬೇಕೆಂದರೆ ಪುತ್ತೂರು ತಾಲ್ಲೂಕಿನ ಬೆಂದ್ರುತೀರ್ಥಕ್ಕೆ ಹೋಗಬೇಕು. ಬೀದರದ್ದು ತಣ್ಣೀರು. ಇಲ್ಲಿ ಝರಿ ಕಂಡಲ್ಲಿ ಹೋಟೆಲು ಬರಲಿಲ್ಲ, ದೇವರು ಬಂದ. ಒಂದು ಕಡೆ ನರಸಿಂಹ, ಇನ್ನೊಂದು ಕಡೆ ಗುರುನಾನಕರು, ಮತ್ತೊಂದು ಕಡೆ ಶಿವ. ದೊರೆಗಳು ಪಕ್ಕದಲ್ಲಿ ತೋಟ ಹಾಕಿದರು, ಮಸೀದಿ ಕಟ್ಟಿದರು.

ನೀರು ಇಲ್ಲೇ ಯಾಕೆ ಬರುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳೋಣ. ಬೀದರ ಊರು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಮಡ್ಡಿಯ ಮೇಲೆ ಕೂತಿದೆ. ಮಡ್ಡಿಯ ಮೇಲ್ಪದರ ಜಂಬಿಟ್ಟಿಗೆ ಕಲ್ಲು. ಕೆಂಪಗೆ, ಜೇನುಹುಟ್ಟಿನ ಹಾಗೆ ತೂತುತೂತಾಗಿರುವ ಕಲ್ಲು. ನೆಲದೊಳಗಿದ್ದಾಗ ಮೆತ್ತಗಿರುತ್ತದೆ, ಕೊಯ್ದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಇದರ ಕೆಳಗೆ ಜೇಡಿಯಂಥ ಪದರ, ಅದರ ಕೆಳಗೆ ದಖ್ಖನ್ನಿನ ಕರಿಕಲ್ಲು. ಮಳೆಗಾಲದಲ್ಲಿ ಮಡ್ಡಿಯ ಮೇಲೆ ಬಿದ್ದ ನೀರು ಕೆಂಪುಕಲ್ಲಿನೊಳಗೆ ಸಲೀಸಾಗಿ ಇಳಿಯುತ್ತದೆ. ಜೇಡಿ ಸಿಕ್ಕಾಗ ನಿಲ್ಲುತ್ತದೆ, ಮುಂದಕ್ಕೆ ಇಳಿಯಲು ದಾರಿಯಿಲ್ಲ. ಆಗ ಅಡ್ಡಡ್ಡಲಾಗಿ ಜಿನುಗುತ್ತಾ ಹೋಗಿ, ಮಡ್ಡಿಯ ಅಂಚಿನಲ್ಲಿ ಎರಡು ಪದರಗಳ ಸಂದಿಯಿಂದ ಹೊರಗೆ ಬರುತ್ತದೆ. ಸೋರುವ ಗಡಿಗೆಯನ್ನು ತಟ್ಟೆಯಲ್ಲಿಟ್ಟರೆ ತಟ್ಟೆಯಂಚಿನಲ್ಲಿ ನೀರು ಕಾಣಿಸುವಂತೆ, ಇಷ್ಟೇ ಲೆಕ್ಕ. ಮಳೆ ಬಿದ್ದ ದಿನವೇ ಹರಿದುಹೋಗಬೇಕಾಗಿದ್ದ ನೀರನ್ನು ಈ ಕಲ್ಲು ತಿಂಗಳುಗಟ್ಟಲೆ ಹಿಡಿದಿಟ್ಟು, ಚಳಿಗಾಲಕ್ಕೂ ಬೇಸಿಗೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತದೆ.

ಮಡ್ಡಿ ಇಳಿದು ಭಾಲ್ಕಿ, ಔರಾದ್ ಕಡೆ ಹೋದರೆ ನೋಟವೇ ಬೇರೆ. ಕರಿನೆಲ, ತೊಗರಿ, ಉದ್ದು, ಹೆಸರು. ಅಲ್ಲಿ ಕೆಂಪುಕಲ್ಲಿನ ಟೊಪ್ಪಿಗೆಯಿಲ್ಲ, ಹಾಗಾಗಿ ಇಂಥ ಝರಿಗಳೂ ಅಪರೂಪ. ಆ ಸೀಮೆಯ ನೀರಿನ ಬದುಕು ಮಾಂಜ್ರಾ ನದಿಯದ್ದು, ಬಾವಿಯದ್ದು, ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಹತ್ತಿರ ಕಟ್ಟಿದ ಕಾರಂಜಾ ಜಲಾಶಯದ್ದು. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಯಲ್ಲಿ ಕಲ್ಲುಕಟ್ಟಿದ ಹೊಂಡಗಳಿವೆ, ಭಂಡಾರ ಹಚ್ಚಿಕೊಂಡ ಜನ ಅಲ್ಲಿ ಮಿಂದು ದೇವರ ದರ್ಶನಕ್ಕೆ ಹೋಗುತ್ತಾರೆ. ಅದೊಂದು ಬೇರೆಯೇ ಭಾಷಣದ ವಸ್ತು. ಇವತ್ತು ಮಡ್ಡಿಯ ಅಂಚನ್ನು ಬಿಟ್ಟು ನಾನು ಕದಲುವುದಿಲ್ಲ.

ಈಗ ಝರಣಿಗೆ ಹೋಗೋಣ. ಊರಿನಿಂದ ನಾಲ್ಕೈದು ಕಿಲೋಮೀಟರ್. ಹೊರಗಿನಿಂದ ನೋಡಿದರೆ ದೊಡ್ಡ ಗುಡಿಯೇನೂ ಕಾಣಿಸದು. ಗೋಪುರ ಹುಡುಕಿಕೊಂಡು ಬಂದವರಿಗೆ ನಿರಾಸೆಯಾದೀತು. ದೇವರಿರುವುದು ಗುಡ್ಡದ ಹೊಟ್ಟೆಯಲ್ಲಿ. ಕೆಂಪುಕಲ್ಲಿನಲ್ಲಿ ಸುಮಾರು 300 ಮೀಟರ್ ಉದ್ದದ ಸುರಂಗ, ಅದರ ತುಂಬ ನೀರು. ಆ ನೀರಿನಲ್ಲೇ ನಡೆದುಕೊಂಡು ಹೋಗಿ ದೇವರನ್ನು ನೋಡಬೇಕು. ನೀರು ಸೊಂಟದ ಮಟ್ಟಕ್ಕಿರುತ್ತದೆ, ಒಳ್ಳೆಯ ಮಳೆಯಾದ ವರ್ಷ ಎದೆಮಟ್ಟಕ್ಕೂ ಬರುತ್ತದೆ. ಸುರಂಗದ ಬಾಯಲ್ಲಿ ಚಪ್ಪಲಿ, ಬಟ್ಟೆ ಕಳಚಿಟ್ಟು, ಟವೆಲ್ಲೋ ಪಂಚೆಯೋ ಸುತ್ತಿಕೊಂಡು ಜನ ಇಳಿಯುತ್ತಾರೆ. ಹೆಂಗಸರು ಸೀರೆಯ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಚಿಕ್ಕ ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ಕಾಲಿಟ್ಟ ಗಳಿಗೆಯಲ್ಲಿ ಚಳಿ ಮೊಳಕಾಲಿನಿಂದ ನೆತ್ತಿಗೇರುತ್ತದೆ, ಹತ್ತು ಹೆಜ್ಜೆಯಾದ ಮೇಲೆ ಮೈ ಹೊಂದಿಕೊಳ್ಳುತ್ತದೆ. ಒಳಗೆ ವಿದ್ಯುತ್ ದೀಪಗಳಿವೆ, ಗಾಳಿ ಆಡಿಸುವ ವ್ಯವಸ್ಥೆಯಿದೆ. ಚಾವಣಿಯಲ್ಲಿ ಬಾವಲಿಗಳು ನೇತುಬಿದ್ದಿರುತ್ತವೆ. ಅವು ಯಾರಿಗೂ ಏನೂ ಮಾಡಿದ್ದಿಲ್ಲ ಎಂದು ಊರವರು ಹೊಸಬರಿಗೆ ಧೈರ್ಯ ಹೇಳುತ್ತಾರೆ. ಯಾರೋ ಒಬ್ಬರು "ನರಸಿಂಹ ಹರಿ ಹರಿ" ಎಂದು ಕೂಗಿದರೆ ಸಾಲಿನಲ್ಲಿದ್ದವರೆಲ್ಲ "ಗೋವಿಂದ" ಅನ್ನುತ್ತಾರೆ. ಕಲ್ಲಿನ ಚಾವಣಿ ತಗ್ಗಾದ್ದರಿಂದ ದನಿ ಕಿವಿಗೆ ಬಂದು ಬಡಿಯುತ್ತದೆ.

ಸುರಂಗದ ಕೊನೆಯಲ್ಲಿ ಕಲ್ಲುಗೋಡೆಯ ಮೇಲೆ ನರಸಿಂಹ, ಪಕ್ಕದಲ್ಲೇ ಶಿವಲಿಂಗ. ಅಲ್ಲಿ ಏಳೆಂಟು ಜನ ನಿಲ್ಲುವಷ್ಟೇ ಜಾಗ. ಹಿಂದಿನವರು ನೀರಿನಲ್ಲೇ ಕಾಯಬೇಕು. ರಜೆಯ ದಿನ, ಹಬ್ಬದ ದಿನ ಈ ಕಾಯುವಿಕೆಯೇ ದೊಡ್ಡ ಸೇವೆ. ಸ್ಥಳಪುರಾಣ ಹೇಳುವುದು ಹೀಗೆ: ಹಿರಣ್ಯಕಶಿಪುವಿನ ವಧೆಯಾದ ಮೇಲೆ ನರಸಿಂಹ ಇಲ್ಲಿದ್ದ ಜಲಾಸುರನೆಂಬ ರಾಕ್ಷಸನನ್ನೂ ಕೊಂದ. ಜಲಾಸುರ ಶಿವಭಕ್ತ. ಸಾಯುವಾಗ ಅವನು, ಸ್ವಾಮಿ, ನೀನು ಇದೇ ಗುಹೆಯಲ್ಲಿ ನೆಲೆಸಿ ಬಂದವರ ಇಷ್ಟಾರ್ಥ ನಡೆಸಿಕೊಡು ಎಂದು ಬೇಡಿದ. ತಾನು ನೀರಾಗಿ ದೇವರ ಪಾದದಿಂದ ಹರಿದ. ಒಂದೇ ಗೂಡಿನಲ್ಲಿ ನರಸಿಂಹನೂ ಶಿವನೂ ಇರುವುದಕ್ಕೆ ಈ ಕಥೆ ಸಮಾಧಾನ ಕೊಡುತ್ತದೆ. ಕೊಂದ ದೇವರ ಹೆಸರಿನಷ್ಟೇ ಸತ್ತ ರಾಕ್ಷಸನ ಹೆಸರೂ ಊರಿನ ಬಾಯಲ್ಲಿ ಉಳಿದಿದೆ. ನನಗಂತೂ ಈ ಜಲಾಸುರನ ಮೇಲೆ ಒಂದು ತೂಕ ಹೆಚ್ಚೇ ಮಮತೆ. ನೂರಾರು ವರ್ಷಗಳಿಂದ ಕೆಲಸ ಮಾಡುತ್ತಿರುವವನು ಅವನೇ ತಾನೆ!

ಸುರಂಗ ತಾನಾಗಿ ಆದದ್ದೋ, ಮನುಷ್ಯರು ಕೊರೆದದ್ದೋ? ಭಕ್ತರಿಗೆ ಈ ಪ್ರಶ್ನೆಯೇ ಬೇಡ. ಗೋಡೆಯನ್ನು ಕೈಯಲ್ಲಿ ಸವರುತ್ತಾ ನಡೆದರೆ, ಇಷ್ಟು ನೆಟ್ಟಗೆ, ಇಷ್ಟು ಸಮ ಅಗಲಕ್ಕೆ ನೀರೊಂದೇ ಕೊರೆದಿರಲಾರದು ಅನ್ನಿಸುತ್ತದೆ. ಜಿನುಗುವ ಸೆಲೆಯನ್ನು ಹಿಂಬಾಲಿಸಿ ಯಾರೋ ಗುದ್ದಲಿ ಹಿಡಿದು ಗುಡ್ಡದೊಳಗೆ ಹೋಗಿದ್ದಾರೆ. ಬೀದರದ ಜನಕ್ಕೆ ಈ ವಿದ್ಯೆ ಗೊತ್ತಿತ್ತು ಎನ್ನುವುದಕ್ಕೆ ಮುಂದೆ ಸಾಕ್ಷಿ ಹೇಳುತ್ತೇನೆ.

ಈ ನೀರಿನಲ್ಲಿ ಮಿಂದರೆ ಚರ್ಮದ ಕಾಯಿಲೆ ಹೋಗುತ್ತದೆ, ಮಕ್ಕಳಿಲ್ಲದವರಿಗೆ ಮಕ್ಕಳಾಗುತ್ತವೆ ಎಂಬ ನಂಬಿಕೆ ಬಲವಾಗಿದೆ. ನೀರಿನಲ್ಲಿ ಗಂಧಕವಿದೆ ಎಂದು ಹೇಳುವವರೂ ಇದ್ದಾರೆ. ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ಮೈಮೇಲೆ ಗಾಯ, ಹುಣ್ಣು ಇರುವವರು ನೂರಾರು ಜನ ಇಳಿಯುವ ನೀರಿಗೆ ಇಳಿಯುವ ಮೊದಲು ವೈದ್ಯರನ್ನು ಕಾಣುವುದು ಒಳ್ಳೆಯದು. ಉಬ್ಬಸ, ಹೃದಯದ ತೊಂದರೆ ಇರುವವರು ಹೊರಗೇ ನಿಂತು ಕೈಮುಗಿದರೆ ನರಸಿಂಹ ಬೇಜಾರು ಮಾಡಿಕೊಳ್ಳುವವನಲ್ಲ.

ಇದೇ ತಾಣಕ್ಕೆ ಹಳೆಯ ಕಾಗದಪತ್ರಗಳಲ್ಲಿ ಇನ್ನೊಂದು ಹೆಸರಿದೆ, ಫರಾಹ್ ಬಾಗ್. 1657ರಲ್ಲಿ ಔರಂಗಜೇಬ ಬೀದರ ಕೋಟೆಯನ್ನು ಹಿಡಿದು ಊರಿಗೆ ಜಫರಾಬಾದ್ ಎಂದು ಹೆಸರಿಟ್ಟ. ಆಮೇಲೆ ಇಲ್ಲಿಗೆ ಬಂದ ಮೊಗಲ್ ಸುಬೇದಾರರಲ್ಲಿ ಒಬ್ಬನಾದ ಮುಖ್ತಾರ್ ಖಾನ್ ಈ ಝರಿಯ ಬಳಿ ಮಸೀದಿ ಕಟ್ಟಿಸಿದ, ತೋಟ ಮಾಡಿಸಿದ. ತಂಪು ನೀರು, ನೆರಳು, ತಗ್ಗು ಕಣಿವೆ. ಬೇಸಿಗೆಯ ದಖ್ಖನ್ನಿನಲ್ಲಿ ಅಧಿಕಾರಿಗೆ ಇನ್ನೇನು ಬೇಕು? ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಬೀದರದ ದೊಡ್ಡ ಗ್ರಂಥದಲ್ಲಿ ಅರಮನೆ, ಗುಂಬಜಗಳ ಜೊತೆಗೆ ಊರ ಸುತ್ತಲಿನ ಈ ಝರಿತಾಣಗಳಿಗೂ ಜಾಗ ಕೊಟ್ಟಿದ್ದಾರೆ. ಬೀದರವನ್ನು ನಿಜವಾಗಿ ಕಾಣಬೇಕೆನ್ನುವವರಿಗೆ ಆ ಪುಸ್ತಕವನ್ನು ಬಿಟ್ಟರೆ ಗತಿಯಿಲ್ಲ.

ಝರಣಿ ಬಿಟ್ಟು ಊರ ಇನ್ನೊಂದು ಮಗ್ಗುಲಿಗೆ ಬಂದರೆ ಗುರುನಾನಕ್ ಝೀರಾ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ, ದಕ್ಷಿಣದ ಯಾತ್ರೆಯಲ್ಲಿದ್ದ ಗುರುನಾನಕರು ನಾಂದೇಡ್, ಗೋಲ್ಕೊಂಡ ದಾಟಿ ಬೀದರಕ್ಕೆ ಬಂದು ಊರ ಹೊರಗೆ ತಂಗಿದರು ಎಂಬುದು ಸಿಖ್ಖರ ಪರಂಪರೆ. ಅಲ್ಲಿದ್ದ ಮುಸ್ಲಿಂ ಫಕೀರರು, ಇಲ್ಲಿ ಬಾವಿ ತೋಡಿದರೂ ನೀರಿಲ್ಲ, ಬಂದರೂ ಉಪ್ಪು ಎಂದು ಹೇಳಿಕೊಂಡರು. ಗುರುಗಳು ತಮ್ಮ ಮರದ ಪಾದುಕೆಯ ತುದಿಯಿಂದ ಒಂದು ಕಲ್ಲನ್ನು ಸರಿಸಿದರು, ಸಿಹಿನೀರು ಚಿಮ್ಮಿತು. ಬೆಟ್ಟದ ಬುಡದಲ್ಲಿ, ಕೆಂಪುಕಲ್ಲಿನ ಸಂದಿಯಿಂದ ಈ ನೀರು ಬರುವುದನ್ನು ಇವತ್ತಿಗೂ ಗಾಜಿನ ಹಿಂದೆ ಕಾಣಬಹುದು. ಗುರುದ್ವಾರದ ಕಟ್ಟಡ ಎದ್ದದ್ದು 1948ರಲ್ಲಿ. ಮುಂದಿನ ಅಮೃತಕುಂಡದಲ್ಲಿ ಯಾತ್ರಿಕರು ಮೀಯುತ್ತಾರೆ, ಬಾಟಲಿಗಳಲ್ಲಿ ನೀರು ತುಂಬಿಕೊಂಡು ಪಂಜಾಬಿಗೆ ಒಯ್ಯುತ್ತಾರೆ. ಲಂಗರಿನಲ್ಲಿ ಯಾರು ಬಂದರೂ ಊಟ. ಹಳ್ಳಿಯಿಂದ ಬೀದರಕ್ಕೆ ಕೋರ್ಟು, ಆಸ್ಪತ್ರೆ ಎಂದು ಬಂದವರೂ ಅಲ್ಲಿ ಉಂಡು, ಮರದ ಕೆಳಗೆ ಒಂದು ಗಳಿಗೆ ಅಡ್ಡಾಗಿ ಹೋಗುತ್ತಾರೆ.

ಪಂಜಾಬಿಗೂ ಬೀದರಕ್ಕೂ ನಂಟು ಅಷ್ಟಕ್ಕೇ ನಿಲ್ಲಲಿಲ್ಲ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಗರು ಖಾಲ್ಸಾ ಸ್ಥಾಪಿಸಿದಾಗ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರದ ಕ್ಷೌರಿಕ ಕುಟುಂಬದವರು. ಯುದ್ಧಭೂಮಿಯಲ್ಲಿ ಹೋರಾಡಿದ ಮಾಯಿ ಭಾಗೋ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಬೀದರದ ಹತ್ತಿರದ ಜನವಾಡದಲ್ಲಿ. ಅವರ ಹೆಸರಿನ ಗುರುದ್ವಾರ ಅಲ್ಲಿದೆ. ಝೀರಾಕ್ಕೆ ಹೋದವರು ಜನವಾಡವನ್ನೂ ಕಂಡು ಬರಬೇಕು. ಗದ್ದಲವಿಲ್ಲದ ಊರು.

ಪಾಪನಾಶದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಣಿವೆಯಲ್ಲಿ ಶಿವನ ಗುಡಿ, ಕೆಳಗೆ ಸೆಲೆಯ ನೀರಿನಿಂದ ತುಂಬುವ ಹೊಂಡ. ಲಂಕೆಯಿಂದ ಮರಳುವಾಗ ಶ್ರೀರಾಮ ಇಲ್ಲಿ ಲಿಂಗ ಸ್ಥಾಪಿಸಿದ ಎಂಬ ಪ್ರತೀತಿ. ಶಿವರಾತ್ರಿಗೆ ಜನಸಾಗರ, ಉಳಿದ ದಿನ ಸಂಜೆ ತಿರುಗಾಡಲು ಬರುವವರು. ಗುಡಿಗೆ ಈಗ ಬಣ್ಣ ಬಳಿದು ಬಳಿದು ಹಳತು ಯಾವುದು ಹೊಸತು ಯಾವುದು ಎಂದು ಗುರುತಿಸುವುದೇ ಕಷ್ಟವಾಗಿದೆ. ಹೊಂಡದ ಜಾಗ ಮಾತ್ರ ಚೆಲುವಾಗಿಯೇ ಇದೆ.

ಇನ್ನು ನನ್ನ ವಾದಕ್ಕೆ ಬರುತ್ತೇನೆ. ಬಹಮನಿ ಸುಲ್ತಾನ ಅಹಮದ್ ಶಾಹ 1422ರಲ್ಲಿ ಕಲಬುರಗಿಯಲ್ಲಿ ಪಟ್ಟಕ್ಕೆ ಬಂದ. ಆ ಕಾಲದಲ್ಲಿ ದಖ್ಖನ್ನಿಗೆ ಭೀಕರ ಬರ ಬಡಿಯಿತು. ಸುಲ್ತಾನ ಊರ ಹೊರಗೆ ಬಯಲಿಗೆ ಹೋಗಿ ಮಂಡಿಯೂರಿ ಪ್ರಾರ್ಥನೆ ಮಾಡಿದ, ಮಳೆ ಬಂತು, ಜನ ಅವನನ್ನು 'ವಲಿ' ಎಂದರು. ಸಂತ ಎಂಬ ಬಿರುದು ಅವನಿಗೆ ಬಂದದ್ದು ಹೀಗೆ, ಮಳೆಯಿಂದ. ಕೆಲವೇ ವರ್ಷಗಳಲ್ಲಿ ಅವನು ರಾಜಧಾನಿಯನ್ನೇ ಕಲಬುರಗಿಯಿಂದ ಎಬ್ಬಿಸಿ ಬೀದರಕ್ಕೆ ತಂದ. ಬೇಟೆನಾಯಿಯನ್ನು ಒಂದು ಸಣ್ಣ ಪ್ರಾಣಿ ತಿರುಗಿ ಅಟ್ಟಿಸಿಕೊಂಡು ಬಂದದ್ದನ್ನು ಕಂಡು, ಇದು ವೀರರ ನೆಲ ಎಂದು ನಿರ್ಧರಿಸಿದನೆಂಬ ಕಥೆಯನ್ನು ನೀವೂ ಕೇಳಿರುತ್ತೀರಿ. ಇದೇ ಕಥೆಯನ್ನು ಹಂಪಿಗೂ ಹೇಳುತ್ತಾರೆ, ಬೇರೆ ಊರುಗಳಿಗೂ ಹೇಳುತ್ತಾರೆ. ಬರ ಕಂಡ ದೊರೆ ಬೀದರದ ಮಡ್ಡಿಯಲ್ಲಿ ಕಂಡದ್ದು ನೀರನ್ನು ಎಂದೇ ನನ್ನ ಎಣಿಕೆ. ಎತ್ತರದ ಜಾಗ, ಕೊಯ್ಯಲು ಸುಲಭವಾದ ಕಲ್ಲು, ಒಳ್ಳೆಯ ಹವೆ, ಅಂಚಿನಲ್ಲೆಲ್ಲ ಸೆಲೆ. ಚರಿತ್ರೆಕಾರ ಫೆರಿಸ್ತಾ ಬೀದರದ ಹವೆಯನ್ನು ಹೊಗಳಿದ್ದು ಸುಮ್ಮನೆ ಅಲ್ಲ. ಕೋಟೆಯ ಒಂದು ಬದಿಗೆ ಕೆಂಪುಕಲ್ಲನ್ನೇ ಕೊರೆದು ಮೂರು ಸಾಲಿನ ಕಂದಕ ಮಾಡಿದ್ದಾರಲ್ಲ, ಆ ಕೈಗಳು ಕಲ್ಲನ್ನೂ ನೀರನ್ನೂ ಚೆನ್ನಾಗಿ ಬಲ್ಲವು.

ಅಷ್ಟೂರಿನಲ್ಲಿ ಅಹಮದ್ ಶಾಹನ ಗೋರಿಯಿದೆ. ಅವನು ತೀರಿದ್ದು 1436ರಲ್ಲಿ. ಒಳಗೆ ಕತ್ತಲು. ಕಾವಲುಗಾರ ಬಾಗಿಲ ಹೊರಗೆ ಕನ್ನಡಿ ಹಿಡಿದು ಬಿಸಿಲಿನ ತುಣುಕೊಂದನ್ನು ಒಳಗೆ ಹಾಯಿಸಿದಾಗ ಗೋಡೆಯ ಮೇಲೆ ಚಿನ್ನದ ಬಣ್ಣ, ಕೆಂಪು, ನೀಲಿಯ ಅಕ್ಷರಗಳು ಎದ್ದು ಬರುತ್ತವೆ. ಇರಾನಿನ ಕಿರ್ಮಾನಿನ ಸೂಫಿ ಶಾಹ್ ನಿಯಾಮತುಲ್ಲಾರ ಗುರುಪರಂಪರೆಯನ್ನು ಅಲ್ಲಿ ಬರೆದಿದ್ದಾರೆ. ಶಾಹ್ ನಿಯಾಮತುಲ್ಲಾ ತಾವು ಬರಲಿಲ್ಲ, ಮೊದಲು ಮೊಮ್ಮಗನನ್ನು ಕಳಿಸಿದರು. ಆಮೇಲೆ ಮಗ ಖಲೀಲುಲ್ಲಾ ಬಂದರು, ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಎಂಬ ಗೋರಿ ಅವರದೇ. ಈ ಸುಲ್ತಾನನನ್ನು ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ರೂಪವೆಂದು ನಡೆದುಕೊಳ್ಳುತ್ತಾರೆ. ಹೋಳಿಹುಣ್ಣಿಮೆ ಕಳೆದ ಮೇಲೆ ನಡೆಯುವ ಉರುಸು-ಜಾತ್ರೆಗೆ ದಿನ ಗೊತ್ತುಮಾಡುವುದು ಹಿಂದೂ ಪಂಚಾಂಗ. ಅದಕ್ಕೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಪರಿವಾರದೊಂದಿಗೆ ನಡೆದು ಬರುತ್ತಾರೆ. ಗೋರಿಯ ಮುಂದೆ ಕಾಯಿ ಒಡೆಯುತ್ತಾರೆ, ಫಾತಿಹಾ ಓದುತ್ತಾರೆ. ಹೊರಗಿನವರು ಇದನ್ನು ಕಂಡು ಅಚ್ಚರಿಪಡುತ್ತಾರೆ. ನಮ್ಮ ಕಡೆಯವರು, ಹಿಂದಿನಿಂದಲೂ ಹೀಂಗೇ ಅದ ರೀ ಎಂದು ಹೇಳಿ ಮಂಡಕ್ಕಿ ಕೊಳ್ಳಲು ಹೋಗುತ್ತಾರೆ.

ಬಹಮನಿಗಳು ಇರಾನಿನಿಂದ ಸಂತರನ್ನು, ಕವಿಗಳನ್ನು, ಕುಶಲಕರ್ಮಿಗಳನ್ನು ಕರೆಸಿದಾಗ ಅವರ ಜೊತೆ ಒಂದು ನೀರಿನ ವಿದ್ಯೆಯೂ ಬಂತು, ಕರೇಜ್. ನಾವು ಸುರಂಗ ಬಾವಿ ಅನ್ನುತ್ತೇವೆ. ಮಡ್ಡಿಯ ಎತ್ತರದ ಜಾಗದಲ್ಲಿ, ನೀರು ಸಿಗುವ ಕಡೆ ಒಂದು ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ಕೆಳಕ್ಕೆ, ಕಣ್ಣಿಗೆ ಕಾಣದಷ್ಟೇ ಇಳಿಜಾರಿನಲ್ಲಿ, ನೆಲದೊಳಗೆ ಸುರಂಗ ಕೊರೆಯುತ್ತಾ ಹೋಗುತ್ತಾರೆ. ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ನೆಟ್ಟಗೆ ಇಳಿಯುವ ಬಾವಿಗಳು. ಅಗೆದ ಮಣ್ಣನ್ನು ಎತ್ತಲು, ಗಾಳಿ ಬೆಳಕು ಬರಲು, ಮುಂದೆ ಹೂಳು ತೆಗೆಯಲು, ನಡುವಿನ ಜನ ಕೊಡ ಇಳಿಸಿ ನೀರು ಸೇದಲು ಅವು ಬೇಕು. ಮೋಟಾರಿಲ್ಲ, ಏತವಿಲ್ಲ. ನೀರು ತನ್ನ ಭಾರದಿಂದಲೇ ನಡೆದು ಕೊನೆಯ ಬಾಯಲ್ಲಿ ಹೊರಬೀಳುತ್ತದೆ, ಬಿಸಿಲಿಗೆ ಆವಿಯಾಗುವುದೂ ಇಲ್ಲ. ನೌಬಾದಿನ ಕರೇಜು ಸುಮಾರು ಮೂರು ಕಿಲೋಮೀಟರ್ ಉದ್ದ. ಇದಲ್ಲದೆ ಶುಕ್ಲತೀರ್ಥದ್ದೊಂದು, ಹಳೆಯ ಊರೊಳಗಿನ ಜಮುನಾ ಮೋರಿ ಒಂದು. ಝರಣಿಯ ಸುರಂಗವನ್ನು ನೋಡಿ ನಾನು ಹೇಳಿದ ಮಾತನ್ನು ಈಗ ಇದರ ಪಕ್ಕ ಇಟ್ಟು ನೋಡಿ. ಸೆಲೆಯ ಬೆನ್ನು ಹತ್ತಿ ಕಲ್ಲಿನೊಳಗೆ ಹೋಗುವ ಕೆಲಸ ಈ ಊರಿಗೆ ಹೊಸತಲ್ಲ.

ಈ ಕರೇಜುಗಳನ್ನು ಊರೇ ಮರೆತಿತ್ತು. ಬಾವಿಬಾಯಿಗಳಿಗೆ ಕಸ ಬಿತ್ತು, ಕೆಲವು ಮುಚ್ಚಿಹೋದವು. ಕೇರಳದ ಭೂಗೋಳದ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿಯವರು ಬಂದು ಸ್ಥಳೀಯ ಉತ್ಸಾಹಿಗಳ ಜೊತೆ ಸುತ್ತಿ ನಕ್ಷೆ ಮಾಡಿದ ಮೇಲೆ ಕಣ್ಣುತೆರೆಯಿತು. 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಬೀದರ ನಗರವನ್ನು ತನ್ನ ಕಾಳಜಿಯ ಪಟ್ಟಿಗೆ ಸೇರಿಸಿತು. ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿಯವರ ಕಾಲದಲ್ಲಿ ನೌಬಾದಿನ ಹೂಳೆತ್ತುವ ಕೆಲಸ ನಡೆಯಿತು, ಹಳೆಯ ಬಾವಿಗಳೂ ಸ್ವಚ್ಛವಾದವು. ಅದು ಬರದ ಕಾಲ. ಕಾರಂಜಾ ಬತ್ತಿ, ಊರಿಗೆ ಟ್ಯಾಂಕರು ಓಡುತ್ತಿದ್ದ ದಿನಗಳಲ್ಲಿ ಸುಲ್ತಾನರ ಬಾವಿ ನೆನಪಾದದ್ದು. ನೆನಪಾಯಿತಲ್ಲ, ಅಷ್ಟಾದರೂ ಆಯಿತು.

ಅದೇ ಕಾಲದ ಸುಮಾರಿಗೆ ಝರಣಿಯ ಗುಹೆಯಲ್ಲೂ ನೀರಿಳಿಯಿತು. ಅಂತರ್ಜಲ ಕುಸಿದು, ಜಲಾಸುರನೇ ಬಾಯಾರಿದಂತಾಗಿ, ಕೆಲವು ಕಾಲ ಭಕ್ತರ ಪ್ರವೇಶ ನಿಂತಿತ್ತು. ಮಳೆ ಚೆನ್ನಾಗಿ ಬಂದ ಮೇಲೆ ಮತ್ತೆ ತೆರೆಯಿತು. ಗುಡಿಯಲ್ಲಿ ಏನೋ ಅಪಚಾರವಾಗಿದೆ, ಅದಕ್ಕೇ ಹೀಗಾಯಿತು ಎಂದು ಆಗ ಜನ ಮಾತಾಡಿಕೊಂಡರು. ಅಪಚಾರವಾದದ್ದು ನಿಜ, ಆದರೆ ಗುಡಿಯಲ್ಲಲ್ಲ, ಗುಡಿಯ ತಲೆಯ ಮೇಲಿನ ಮಡ್ಡಿಯಲ್ಲಿ. ಕೆಂಪುಕಲ್ಲು ಕುಡಿದ ನೀರನ್ನೇ ಅಂಚಿನಲ್ಲಿ ಕೊಡುತ್ತದೆ. ಮಡ್ಡಿಯ ಮೇಲೆ ಬಡಾವಣೆ ಮೇಲೆ ಬಡಾವಣೆ ಎದ್ದು ನೆಲವೆಲ್ಲ ಕಾಂಕ್ರೀಟಾದರೆ ಕಲ್ಲು ಕುಡಿಯುವುದೇನನ್ನು? ಕುಡಿದದ್ದನ್ನು ಸೆಲೆ ತಲುಪುವ ಮೊದಲೇ ನೂರಾರು ಅಡಿಯ ಕೊಳವೆಬಾವಿಗಳು ಎಳೆದುಕೊಂಡರೆ ಅಂಚಿಗೆ ಬರುವುದೇನು? ತೂತುಕಲ್ಲು ಮಳೆನೀರನ್ನು ಒಳಗೆ ಬಿಡುವಷ್ಟೇ ಸುಲಭವಾಗಿ ಚರಂಡಿ ನೀರನ್ನೂ, ಕಾರ್ಖಾನೆಯ ಕೊಳೆಯನ್ನೂ ಬಿಡುತ್ತದೆ. ನರಸಿಂಹನ ತೀರ್ಥ, ಗುರುಗಳ ಅಮೃತ, ಪಾಪನಾಶದ ಹೊಂಡ, ಸುಲ್ತಾನನ ಕರೇಜು, ಇವೆಲ್ಲಕ್ಕೂ ನೀರು ಬರುವುದು ಮೇಲಿನ ಇದೇ ಕೆಂಪುಕಲ್ಲಿನಿಂದ. ಬೇರೆ ಬೇರೆ ಟ್ರಸ್ಟು, ಬೇರೆ ಬೇರೆ ಇಲಾಖೆ ತಂತಮ್ಮ ಕಾಂಪೌಂಡಿನೊಳಗೆ ಟೈಲ್ಸು ಹಾಕಿಸಿ, ಬಣ್ಣ ಬಳಿಸಿ, ಅಭಿವೃದ್ಧಿ ಎಂದು ಫಲಕ ನೆಟ್ಟರೆ ಈ ನೀರು ಉಳಿಯುವುದಿಲ್ಲ.

ಬರಬೇಕೆನ್ನುವವರಿಗೆ ಒಂದು ಮಾತು. ಮಳೆಗಾಲ ಕಳೆದು ದಸರೆಯಿಂದ ಸಂಕ್ರಾಂತಿಯವರೆಗೆ ಒಳ್ಳೆಯ ಕಾಲ, ಸೆಲೆಗಳೂ ತುಂಬಿರುತ್ತವೆ. ಝರಣಿಗೆ ಬೆಳಿಗ್ಗೆ ಬೇಗ ಹೋಗಿ, ವಾರದ ನಡುವೆ ಹೋಗಿ. ಸೋಪು, ಶಾಂಪೂ, ಪ್ಲಾಸ್ಟಿಕ್ ಚೀಲ ಹೊರಗೇ ಇರಲಿ. ಬಾವಲಿಗಳ ಕಡೆ ಮೊಬೈಲ್ ದೀಪ ತಿರುಗಿಸಬೇಡಿ. ಮಧ್ಯಾಹ್ನ ಝೀರಾದಲ್ಲಿ ಊಟ ಮಾಡಿ, ಹೊತ್ತಿಳಿಯುವ ಮೊದಲು ಅಷ್ಟೂರು ನೋಡಿ, ಕನ್ನಡಿ ಹಿಡಿಯಲು ಬಿಸಿಲು ಬೇಕಲ್ಲ. ನೌಬಾದಿನಲ್ಲಿ ಕರೇಜಿನ ಬಾಯಿ ಎಲ್ಲಿದೆ ಎಂದು ಊರವರನ್ನು ಕೇಳಿ, ಹತ್ತು ಜನ ಕೇಳಿದರೆ ಊರವರಿಗೂ ಅದರ ಬೆಲೆ ತಿಳಿಯುತ್ತದೆ.

ಬೀದರದ ಮಡ್ಡಿಯ ಮೇಲೆ ಮನೆ ಕಟ್ಟುವ ನನ್ನ ಊರವರಲ್ಲಿ ನನ್ನ ಕೋರಿಕೆ ಇಷ್ಟು: ನಿಮ್ಮ ಸೈಟಿನಲ್ಲಿ ಹಳೆಯ ಬಾವಿಯ ಬಾಯಿ ಸಿಕ್ಕರೆ ದಯವಿಟ್ಟು ಅದರೊಳಗೆ ಇಟ್ಟಿಗೆ ಚೂರು ಸುರಿಯಬೇಡಿ, ನಗರದ ಆಡಳಿತಕ್ಕೆ ತಿಳಿಸಿ. ಅಂಗಳದಲ್ಲಿ ಒಂದಿಷ್ಟು ಮಣ್ಣನ್ನು ಸಿಮೆಂಟು ಹಾಕದೆ ಬಿಡಿ, ತಾರಸಿಯ ನೀರನ್ನು ಇಂಗುಗುಂಡಿಗೆ ತಿರುಗಿಸಿ. ಮುಂದಿನ ಮಳೆಗಾಲಕ್ಕೆ ಮೊದಲೇ ಮಾಡಿ.